ಅಂಗಡಿಗೆ ತಕ್ಕಂತೆ ಬೆಳೆದ ಕಥೆ: ಜಪಾನಿನ ವಯಸ್ಕರ ಮಾಂಗಾ ಮತ್ತು ಅನಿಮೆ

2013ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಜಪಾನಿನ ಹಳೆಯ ಶೃಂಗಾರ ಚಿತ್ರಗಳ ದೊಡ್ಡ ಪ್ರದರ್ಶನ ಇಟ್ಟಿತು. ಜನ ಮುಗಿಬಿದ್ದು ನೋಡಿದರು. ಇಂಥದ್ದೊಂದನ್ನು ಜಪಾನಿನಲ್ಲೂ ಮಾಡೋಣ ಅಂತ ಹೊರಟವರಿಗೆ ಮಾತ್ರ ಜಾಗವೇ ಸಿಗಲಿಲ್ಲ. ಒಂದಾದ ಮೇಲೊಂದು ಮ್ಯೂಸಿಯಂ ಬೇಡ ಅಂದಿತು. ಕೊನೆಗೆ 2015ರಲ್ಲಿ ಟೋಕಿಯೋದ ಎಯ್‌ಸೆಯ್ ಬುಂಕೊ ಎಂಬ ಸಣ್ಣ ಖಾಸಗಿ ಮ್ಯೂಸಿಯಂ ಒಪ್ಪಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಮಾಜಿ ಪ್ರಧಾನಿ ಮೊರಿಹಿರೊ ಹೊಸೊಕಾವಾ. ಮೂರು ತಿಂಗಳಲ್ಲಿ ಸುಮಾರು 2 ಲಕ್ಷ ಜನ ಬಂದರು. ಅದೇ ಹೊತ್ತಿಗೆ ಆ ಚಿತ್ರಗಳನ್ನು ಅಚ್ಚು ಹಾಕಿದ ಒಂದು ದೊಡ್ಡ ವಾರಪತ್ರಿಕೆಯ ಸಂಪಾದಕರನ್ನು ಅವರ ಕಂಪನಿಯೇ ಮೂರು ತಿಂಗಳು ರಜೆ ಮೇಲೆ ಕಳಿಸಿತು.

ವಿಚಿತ್ರ ಅಲ್ವಾ? ಇದೇ ಟೋಕಿಯೋದಲ್ಲಿ ವಯಸ್ಕರ ಕಾಮಿಕ್ಸ್ ಮಾರುವ ಅಂಗಡಿಗಳು ಮಹಡಿ ಮೇಲೆ ಮಹಡಿ ಎದ್ದು ನಿಂತಿವೆ. ಒಂದು ಕಡೆ ಅಷ್ಟು ಸಲೀಸು, ಇನ್ನೊಂದು ಕಡೆ ಇಷ್ಟು ಭಯ. 'ಜಪಾನಿನವರೇ ಹಾಗೆ ಬಿಡಿ' ಅಂದುಬಿಡುವುದು ಸುಲಭ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಈ ಇತಿಹಾಸ ಅರ್ಥವಾಗಬೇಕಾದರೆ ಚಿತ್ರದಲ್ಲಿ ಏನಿದೆ ಅಂತ ನೋಡುವ ಮೊದಲು ಅದು ಎಲ್ಲಿ ಮಾರಾಟವಾಗುತ್ತಿತ್ತು ಅಂತ ನೋಡಬೇಕು. ಬಾಡಿಗೆ ಪುಸ್ತಕದ ಅಂಗಡಿ, ರೈಲ್ವೆ ಸ್ಟೇಷನ್, ವೆಂಡಿಂಗ್ ಮೆಷಿನ್, ವಿಡಿಯೋ ಕ್ಯಾಸೆಟ್, ಮೇಳ, ವೆಬ್‌ಸೈಟು. ದಾರಿ ಬದಲಾದಾಗಲೆಲ್ಲ ಕಥೆಯೂ ಬದಲಾಗಿದೆ.

ಇನ್ನೊಂದು ಗೊಂದಲವನ್ನೂ ಮೊದಲೇ ಬಿಡಿಸಿಬಿಡೋಣ. ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್, ಅನಿಮೆ ಅಂದರೆ ಅಲ್ಲಿನ ಅನಿಮೇಷನ್. 'ವಯಸ್ಕರ ಮಾಂಗಾ' ಅಂದರೆ ಎರಡು ಬೇರೆ ಸಂಗತಿಗಳು. ಒಂದು, ದೊಡ್ಡವರು ಓದಲಿ ಅಂತ ಬರೆದ ಗಂಭೀರ ಕಥೆಗಳು: ರಾಜಕೀಯ, ಬಡತನ, ಕೊಲೆ, ಒಂಟಿತನ. ಇನ್ನೊಂದು, ಲೈಂಗಿಕ ವಸ್ತುವಿನ ಕಾಮಿಕ್ಸ್. ಹೊರಗಿನವರಿಗೆ ಎರಡನೆಯದು ಮಾತ್ರ ಕಾಣುತ್ತದೆ. ಆದರೆ ಮೊದಲನೆಯದು ಇಲ್ಲದಿದ್ದರೆ ಎರಡನೆಯದು ಈ ರೂಪದಲ್ಲಿ ಬರುತ್ತಲೇ ಇರಲಿಲ್ಲ.

ಹಳೆಯ ಚಿತ್ರಗಳಿಂದ ಶುರು ಮಾಡೋಣ. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರ ತನಕ, ಮರದ ಅಚ್ಚಿನಲ್ಲಿ ಮುದ್ರಿಸಿದ ಶೃಂಗಾರ ಚಿತ್ರಗಳಿಗೆ ಶುಂಗಾ ಅನ್ನುತ್ತಾರೆ. ಉತಾಮಾರೊ, ಹೊಕುಸಾಯ್‌ರಂಥ ದೊಡ್ಡ ಕಲಾವಿದರೇ ಇವನ್ನು ಬರೆದಿದ್ದಾರೆ. ಆಗಿನ ಜನ ಇವನ್ನು 'ನಗುವಿನ ಚಿತ್ರ' ಅಂತಲೂ ಕರೆಯುತ್ತಿದ್ದರು, ಯಾಕೆಂದರೆ ಹಲವು ಚಿತ್ರಗಳಲ್ಲಿ ಶೃಂಗಾರಕ್ಕಿಂತ ತಮಾಷೆಯೇ ಜಾಸ್ತಿ. ಅಂಚಿನಲ್ಲಿ ಪಾತ್ರಗಳ ಹರಟೆ, ಬೈಗುಳ, ಪೋಲಿ ಮಾತು ಎಲ್ಲ ಬರೆದಿರುತ್ತಿತ್ತು. 1722ರಲ್ಲೇ ಸರ್ಕಾರ ಇಂಥ ಪುಸ್ತಕಗಳನ್ನು ನಿಷೇಧಿಸಿತ್ತು. ನಿಂತಿತೇ? ಇಲ್ಲ. ಕಲಾವಿದರು ಹೆಸರು ಹಾಕುವುದನ್ನು ಬಿಟ್ಟರು, ಅಷ್ಟೇ. ಬೆನ್ನ ಮೇಲೆ ಗಂಟು ಹೊತ್ತು ಮನೆಮನೆಗೆ ಬರುತ್ತಿದ್ದ ಬಾಡಿಗೆ ಪುಸ್ತಕದವರು ಇವನ್ನೂ ತರುತ್ತಿದ್ದರು. ಗಂಡಸರೂ ಹೆಂಗಸರೂ ಓದುತ್ತಿದ್ದರು.

ಹೊಕುಸಾಯ್ 1814ರಲ್ಲಿ ಬರೆದ, ಸಮುದ್ರದಲ್ಲಿ ಮುಳುಗಿ ಚಿಪ್ಪು ತೆಗೆಯುವ ಹೆಂಗಸು ಮತ್ತು ಆಕ್ಟೋಪಸ್‌ನ ಚಿತ್ರವೊಂದು ತುಂಬಾ ಹೆಸರುವಾಸಿ. ಇಂದಿನ ವಿಲಕ್ಷಣ ಅನಿಮೆಗಳೆಲ್ಲ ಅಲ್ಲಿಂದಲೇ ಇಳಿದು ಬಂದವು ಅಂತ ಅನೇಕರು ಬರೆಯುತ್ತಾರೆ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ನಡುವೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅಂತರ ಇದೆ. ಆ ಅವಧಿಯ ಬಹುಭಾಗ ಜಪಾನಿನ ಸಾಮಾನ್ಯ ಓದುಗರಿಗೆ ಶುಂಗಾ ಕಣ್ಣಿಗೇ ಬೀಳುತ್ತಿರಲಿಲ್ಲ. 1990ರ ದಶಕದ ತನಕ ಕಲಾ ಇತಿಹಾಸದ ಪುಸ್ತಕಗಳಲ್ಲೂ ಈ ಚಿತ್ರಗಳನ್ನು ಅಲ್ಲಲ್ಲಿ ಮರೆಮಾಡಿಯೇ ಅಚ್ಚು ಹಾಕುತ್ತಿದ್ದರು.

ಕಣ್ಮರೆ ಮಾಡಿಸಿದ್ದು ಮೇಯ್‌ಜಿ ಸರ್ಕಾರ. 1868ರ ನಂತರ ಜಪಾನಿಗೆ ಯುರೋಪಿನವರ ಎದುರು ಮರ್ಯಾದಸ್ಥ ದೇಶ ಅನ್ನಿಸಿಕೊಳ್ಳಬೇಕಿತ್ತು. 1872ರಲ್ಲಿ ಟೋಕಿಯೋದಲ್ಲಿ ಬಂದ ಕಟ್ಟಳೆಯೊಂದು ಗಂಡು ಹೆಣ್ಣು ಒಟ್ಟಿಗೆ ಸ್ನಾನ ಮಾಡುವುದು, ರಸ್ತೆಯಲ್ಲಿ ಅರೆಬೆತ್ತಲೆ ಓಡಾಡುವುದು, ಶುಂಗಾ ಮಾರುವುದು ಮೂರನ್ನೂ ನಿಲ್ಲಿಸಿತು. ಆಮೇಲೆ 1907ರ ದಂಡ ಸಂಹಿತೆ ಬಂತು. ಅದರ 175ನೇ ಕಲಂ ಅಶ್ಲೀಲ ವಸ್ತುವನ್ನು ಹಂಚುವುದು, ಮಾರುವುದು ಅಪರಾಧ ಅನ್ನುತ್ತದೆ. ಯಾವುದು ಅಶ್ಲೀಲ? ಅದನ್ನು ಹೇಳುವುದಿಲ್ಲ. ಈ ಕಲಂ ಇವತ್ತಿಗೂ ಜಾರಿಯಲ್ಲಿದೆ.

ಎರಡನೇ ಮಹಾಯುದ್ಧದ ಬಳಿಕ 1947ರ ಸಂವಿಧಾನ ಸೆನ್ಸಾರ್ ಕೂಡದು ಅಂತ ಸ್ಪಷ್ಟವಾಗಿ ಬರೆಯಿತು. ಆದರೆ 175ನೇ ಕಲಂ ಹಾಗೇ ಉಳಿಯಿತು. 1957ರಲ್ಲಿ ಡಿ. ಎಚ್. ಲಾರೆನ್ಸ್‌ರ ಲೇಡಿ ಚ್ಯಾಟರ್ಲಿ ಕಾದಂಬರಿಯ ಜಪಾನಿ ಅನುವಾದದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅನುವಾದಕ ಮತ್ತು ಪ್ರಕಾಶಕರ ಮೇಲಿನ ಶಿಕ್ಷೆಯನ್ನು ಎತ್ತಿಹಿಡಿಯಿತು. ಅನಗತ್ಯವಾಗಿ ಕಾಮವನ್ನು ಕೆರಳಿಸುವುದು, ಸಾಮಾನ್ಯರ ನಾಚಿಕೆಯನ್ನು ನೋಯಿಸುವುದು, ಒಳ್ಳೆಯ ನಡತೆಗೆ ವಿರುದ್ಧವಾಗಿರುವುದು ಅಶ್ಲೀಲ ಅಂದಿತು. (ಇದೇ ಕಾದಂಬರಿ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. 1964ರಲ್ಲಿ ಮುಂಬೈಯ ಪುಸ್ತಕದಂಗಡಿಯವರೊಬ್ಬರ ಮೇಲಿನ ಶಿಕ್ಷೆ ಇಲ್ಲೂ ಕಾಯಂ ಆಯಿತು. ಆ ಹೊತ್ತಿಗಾಗಲೇ ಲಂಡನ್ನಿನಲ್ಲಿ ಪ್ರಕಾಶಕರು ಗೆದ್ದಿದ್ದರು.)

ಇಲ್ಲೊಂದು ಸೂಕ್ಷ್ಮ ಇದೆ. ಪುಸ್ತಕ ಹೊರಬರುವ ಮುಂಚೆ ಯಾರೂ ತಡೆಯುವಂತಿಲ್ಲ. ಬಂದ ಮೇಲೆ ಪೊಲೀಸರು ಹಿಡಿಯಬಹುದು. ಗೆರೆ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಪ್ರಕಾಶಕರೇ ತಮ್ಮ ಕೈಯಾರೆ ಮುಚ್ಚತೊಡಗಿದರು: ಕಪ್ಪು ಪಟ್ಟಿ, ಬಿಳಿ ಮಚ್ಚೆ, ಮಸುಕು ಚೌಕಗಳು. ಎಷ್ಟು ಮುಚ್ಚಿದರೆ ಸಾಕು ಅನ್ನುವುದು ಕಾನೂನಿನಲ್ಲಿ ಎಲ್ಲೂ ಇಲ್ಲ. ಅದು ಪೊಲೀಸರ ಮೂಡು, ಪ್ರಕಾಶಕರ ಧೈರ್ಯ ಎರಡರ ನಡುವಿನ ಅಲಿಖಿತ ಒಪ್ಪಂದ.

ಇನ್ನು ಕಾಮಿಕ್ಸ್‌ಗೆ ಬರೋಣ. ಯುದ್ಧ ಮುಗಿದ ಮೇಲಿನ ಬಡತನದಲ್ಲಿ ಪುಸ್ತಕ ಕೊಳ್ಳುವ ಶಕ್ತಿ ಎಷ್ಟು ಜನಕ್ಕಿತ್ತು? ಗಲ್ಲಿಗಲ್ಲಿಯಲ್ಲಿ ಕಾಶಿಹೊನ್ ಎಂಬ ಬಾಡಿಗೆ ಪುಸ್ತಕದ ಅಂಗಡಿಗಳು ಎದ್ದವು. ಅಲ್ಲಿನ ಗಿರಾಕಿಗಳಲ್ಲಿ ಮಕ್ಕಳ ಜೊತೆಗೆ ಹಳ್ಳಿ ಬಿಟ್ಟು ಒಸಾಕಾ, ಟೋಕಿಯೋ ಕಾರ್ಖಾನೆಗಳಿಗೆ ಬಂದ ಹದಿಹರೆಯದ ಕೂಲಿಗಳೂ ಇದ್ದರು. ಅವರಿಗೆ ಮುದ್ದು ಪ್ರಾಣಿಗಳ ಕಥೆ ಬೇಕಿರಲಿಲ್ಲ. ಈ ಅಂಗಡಿಗಳಿಗಾಗಿಯೇ ಬರೆಯುತ್ತಿದ್ದ ಯೋಶಿಹಿರೊ ತತ್ಸುಮಿ 1957ರಲ್ಲಿ ತಮ್ಮ ಕಥೆಗಳನ್ನು ಗೆಕಿಗಾ ಅಂತ ಕರೆದರು. ಕತ್ತಲು ರಸ್ತೆ, ಬೆವರು, ಅಪರಾಧ, ಸೋತ ಗಂಡಸರು. ಸಾನ್‌ಪೆಯ್ ಶಿರಾತೊ ಅವರ ನಿಂಜಾ ಕಥೆಗಳಲ್ಲಿ ರೈತರು ದಂಗೆ ಏಳುತ್ತಿದ್ದರು. 1964ರಲ್ಲಿ ಶುರುವಾದ 'ಗಾರೊ' ಪತ್ರಿಕೆ ಶಿರಾತೊ ಅವರ ಕಥೆಗೆಂದೇ ಹುಟ್ಟಿದ್ದು. ಅದನ್ನು ಕಾಲೇಜು ಹುಡುಗರು ಕೈಯಿಂದ ಕೈಗೆ ದಾಟಿಸಿ ಓದಿದರು.

ಇಲ್ಲಿ ಆದದ್ದು ಸರಳ. ಮಕ್ಕಳಾಗಿದ್ದಾಗ ಕಾಮಿಕ್ಸ್ ಹಿಡಿದ ಪೀಳಿಗೆ ದೊಡ್ಡದಾದ ಮೇಲೂ ಅದನ್ನು ಬಿಡಲಿಲ್ಲ. ಪ್ರಕಾಶಕರು ಇದನ್ನು ಗಮನಿಸಿದರು. 1967ರಲ್ಲಿ 'ಮಾಂಗಾ ಆ್ಯಕ್ಷನ್', 1968ರಲ್ಲಿ 'ಬಿಗ್ ಕಾಮಿಕ್' ಬಂದವು. ಆಫೀಸಿಗೆ ಹೋಗುವವರು ಸ್ಟೇಷನ್ನಿನಲ್ಲಿ ಕೊಂಡು, ರೈಲಿನಲ್ಲಿ ಓದಿ, ಇಳಿಯುವಾಗ ಅಲ್ಲೇ ಬಿಟ್ಟುಹೋಗುವ ಸರಕು ಅದು. 1968ರಲ್ಲಿ ಬಿಗ್ ಕಾಮಿಕ್‌ನಲ್ಲಿ ಶುರುವಾದ ಬಾಡಿಗೆ ಹಂತಕನ ಕಥೆ 'ಗೊಲ್ಗೊ 13' ಅದರ ಲೇಖಕ ತಕಾವೊ ಸಾಯ್ತೊ 2021ರಲ್ಲಿ ತೀರಿಕೊಂಡ ಮೇಲೂ ಮುಂದುವರಿದಿದೆ. 1970ರಲ್ಲಿ ವಿಮಾನ ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದ ಎಡಪಂಥೀಯ ಯುವಕರು ತಮ್ಮನ್ನು ಒಂದು ಬಾಕ್ಸಿಂಗ್ ಮಾಂಗಾದ ನಾಯಕನಿಗೆ ಹೋಲಿಸಿಕೊಂಡು ಹೇಳಿಕೆ ಕೊಟ್ಟರು. ಕಾಮಿಕ್ಸ್ ಅಲ್ಲಿ ಮಕ್ಕಳಾಟವಾಗಿ ಉಳಿದಿರಲಿಲ್ಲ.

ಅದೇ 1968ರಲ್ಲಿ ಗೊ ನಾಗಾಯ್ ಎಂಬ ಯುವ ಕಲಾವಿದ ಹುಡುಗರ ಪತ್ರಿಕೆಯಲ್ಲೇ ಪೋಲಿ ಹಾಸ್ಯದ ಶಾಲೆಯ ಕಥೆ ಬರೆದರು. ತಾಯಂದಿರು, ಶಿಕ್ಷಕರು ಸಿಡಿದೆದ್ದರು. ಪತ್ರಿಕೆಯ ಮಾರಾಟ ಏರಿತು. ಗಲಾಟೆ ಎದ್ದಷ್ಟೂ ವ್ಯಾಪಾರ ಏರುವುದು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಗೆಕಿಗಾದ ಈ ಅಲೆ ತಾಗಿದ್ದು ಮಕ್ಕಳ ಮಾಂಗಾದ ದೇವರು ಅಂತಲೇ ಹೆಸರಾದ ಒಸಾಮು ತೆಜುಕಾ ಅವರಿಗೆ. ಅವರ ಅನಿಮೇಷನ್ ಸ್ಟುಡಿಯೋ ಮುಶಿ ಪ್ರೊಡಕ್ಷನ್ ದೊಡ್ಡವರಿಗಾಗಿ ಚಿತ್ರ ತೆಗೆಯಲು ಹೊರಟಿತು. 1969ರಲ್ಲಿ ಅರೇಬಿಯನ್ ನೈಟ್ಸ್ ಆಧರಿಸಿದ, ಎರಡು ಗಂಟೆ ಮೀರಿದ ಅನಿಮೇಷನ್ ಚಿತ್ರ ತೆರೆ ಕಂಡಿತು. ಜನ ಬಂದರು. 1970ರ 'ಕ್ಲಿಯೋಪಾತ್ರಾ' ಕೈಕೊಟ್ಟಿತು. ಅಮೆರಿಕದ ವಿತರಕರು ಅದಕ್ಕೆ ತಾವೇ ಎಕ್ಸ್ ರೇಟಿಂಗ್ ಅಂಟಿಸಿ, ಹೆಸರಿನಲ್ಲಿ ಸೆಕ್ಸ್ ಸೇರಿಸಿ ಮಾರಲು ನೋಡಿದರು. ಹೋಗಿ ನೋಡಿದವರಿಗೆ ನಿರಾಸೆಯೇ ಆಗಿರಬೇಕು. ಆ ಚಿತ್ರದಲ್ಲಿ ಇರೋದು ತಲೆಬುಡ ಇಲ್ಲದ ಹಾಸ್ಯ ಮತ್ತು ಕಾಲಯಾನ.

ಮೂರನೆಯದು 1973ರ 'ಕನಾಶಿಮಿ ನೊ ಬೆಲಡೊನ್ನಾ'. ಅಷ್ಟರಲ್ಲಿ ತೆಜುಕಾ ಸ್ಟುಡಿಯೋ ಬಿಟ್ಟಿದ್ದರು. ನಿರ್ದೇಶಕ ಎಯ್‌ಇಚಿ ಯಮಾಮೊಟೊ ಫ್ರೆಂಚ್ ಇತಿಹಾಸಕಾರ ಮಿಶೆಲೆ ಅವರ 1862ರ ಮಾಟಗಾತಿಯರ ಕುರಿತ ಪುಸ್ತಕವನ್ನು ಎತ್ತಿಕೊಂಡರು. ಮದುವೆಯ ದಿನವೇ ಊರ ದೊರೆಯ ದೌರ್ಜನ್ಯಕ್ಕೆ ಸಿಕ್ಕ ರೈತನ ಹೆಂಡತಿ ಸೈತಾನನ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾಳೆ, ಊರಿಗೆ ಔಷಧಿ ಕೊಡುತ್ತಾಳೆ, ಕೊನೆಗೆ ಅವಳನ್ನು ಸುಡುತ್ತಾರೆ. ದುಡ್ಡು ಕಮ್ಮಿ. ಹಾಗಾಗಿ ಬಹುಪಾಲು ಚಿತ್ರ ಚಲಿಸುವುದೇ ಇಲ್ಲ. ಕುನಿ ಫುಕಾಯ್ ಅವರ ಜಲವರ್ಣದ ಉದ್ದುದ್ದ ಚಿತ್ರಗಳ ಮೇಲೆ ಕ್ಯಾಮೆರಾ ನಿಧಾನ ಜಾರುತ್ತದೆ. ಬರ್ಲಿನ್ ಚಿತ್ರೋತ್ಸವಕ್ಕೆ ಹೋಯಿತು. ಜಪಾನಿನ ಥಿಯೇಟರಿನಲ್ಲಿ ಮಕಾಡೆ ಮಲಗಿತು. ಅದೇ ವರ್ಷ ಸ್ಟುಡಿಯೋ ದಿವಾಳಿ ಆಯಿತು. 2016ರಲ್ಲಿ ಪ್ರತಿಯನ್ನು ಶುದ್ಧಗೊಳಿಸಿ ಅಮೆರಿಕದಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಹೊಸ ಪೀಳಿಗೆ ಬಾಯಿಬಿಟ್ಟು ನೋಡಿತು. ವಯಸ್ಕರ ಅನಿಮೇಷನ್ ಅಂದರೆ ಏನಾಗಬಹುದಿತ್ತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಥಿಯೇಟರ್ ಎಂಬ ಅಂಗಡಿ ಇದಕ್ಕೆ ಒದಗಲಿಲ್ಲ. ಆಮೇಲೆ ಹತ್ತು ವರ್ಷ ಆ ಕಡೆ ಯಾರೂ ಜಾಸ್ತಿ ತಲೆ ಹಾಕಲಿಲ್ಲ.

ಅಚ್ಚಿನಲ್ಲಿ ಮಾತ್ರ ಬೇರೆ ದಾರಿ ತೆರೆಯಿತು. 1970ರ ದಶಕದಲ್ಲಿ ಎರೊ-ಗೆಕಿಗಾ, ಅಂದರೆ ಕಾಮದ ಗೆಕಿಗಾದ ಅಗ್ಗದ ಪತ್ರಿಕೆಗಳು ಹತ್ತಾರು ಬಂದವು. ಪುಸ್ತಕದಂಗಡಿಯವರು ಇಡಲು ಹಿಂಜರಿದದ್ದು ವೆಂಡಿಂಗ್ ಮೆಷಿನ್ನಿನಲ್ಲಿ ಸಿಗುತ್ತಿತ್ತು. ರಾತ್ರಿ ಹೊತ್ತು, ಯಾರ ಮುಖವನ್ನೂ ನೋಡದೆ ಕೊಳ್ಳಬಹುದು. ಇಲ್ಲಿ ಸಂಪಾದಕರಿಗೆ ಒಂದೇ ಷರತ್ತು: ಒಂದಷ್ಟು ಪುಟ ಬಿಸಿ ಇರಲಿ. ಮಿಕ್ಕ ಪುಟದಲ್ಲಿ ಏನು ಬೇಕಾದರೂ ಬರೆಯಿರಿ. ಹೀಗಾಗಿ ಕೆಲವರು ಅಲ್ಲೇ ಗಟ್ಟಿ ಕೆಲಸ ಮಾಡಿದರು. ಮಳೆ, ನಿಯಾನ್ ದೀಪ, ನೊಂದ ಹೆಂಗಸರ ಕಥೆ ಬರೆದ ತಕಾಶಿ ಇಶಿಯಿ ಮುಂದೆ ಸಿನಿಮಾ ನಿರ್ದೇಶಕರಾಗಿ ಹೆಸರು ಮಾಡಿದರು. ಹಾಗಂತ ಆ ಪತ್ರಿಕೆಗಳನ್ನೆಲ್ಲ ಕಲೆ ಅಂತ ಹೊಗಳುವುದು ಬೇಡ. ಬಹುಪಾಲು ಹೆಣ್ಣಿನ ಮೇಲಿನ ಹಿಂಸೆಯನ್ನೇ ಸರಕಾಗಿಸಿದ್ದವು.

ಇಲ್ಲಿಯ ತನಕ ಗಂಡಸರ ಕಥೆಯೇ ಆಯಿತು. ಹೆಂಗಸರು ಎಲ್ಲಿದ್ದರು? ನಿಜ ಹೇಳಬೇಕೆಂದರೆ ಹೆಚ್ಚು ಹೊಸತನ ಬಂದದ್ದು ಅವರಿಂದಲೇ. 1970ರ ದಶಕದಲ್ಲಿ ಮೋತೊ ಹಾಗಿಯೊ, ಕೆಯ್ಕೊ ತಕೆಮಿಯಾ ಮತ್ತು ಅವರ ಜೊತೆಗಾತಿಯರು ಹುಡುಗಿಯರ ಪತ್ರಿಕೆಗಳಲ್ಲಿ ಗಂಡು-ಗಂಡಿನ ಪ್ರೇಮದ ಕಥೆಗಳನ್ನು ಬರೆದರು. ಯಾಕೆ ಗಂಡು-ಗಂಡು? ಹುಡುಗಿ ಪಾತ್ರ ಇದ್ದರೆ ಮದುವೆ, ಬಸಿರು, ಮರ್ಯಾದೆ ಎಲ್ಲ ಹಿಂದೆಯೇ ಬರುತ್ತವೆ. ಹುಡುಗರ ಪಾತ್ರದಲ್ಲಿ ಆ ಹೊರೆ ಇಲ್ಲದೆ ಆಸೆ, ನೋವುಗಳ ಬಗ್ಗೆ ಬರೆಯಬಹುದಿತ್ತು. 1978ರಲ್ಲಿ 'ಜೂನ್' ಎಂಬ ಪತ್ರಿಕೆಯೇ ಇದಕ್ಕೆಂದು ಶುರುವಾಯಿತು. ಇಂದು ಬಿಎಲ್ (ಬಾಯ್ಸ್ ಲವ್) ಅಂತ ಕರೆಯುವ ದೊಡ್ಡ ಉದ್ಯಮದ ಬೇರು ಇಲ್ಲಿದೆ. 1980ರಿಂದ ಗೃಹಿಣಿಯರು, ದುಡಿಯುವ ಹೆಂಗಸರಿಗಾಗಿ 'ಲೇಡೀಸ್ ಕಾಮಿಕ್ಸ್' ಬಂದವು. ಅತ್ತೆ ಕಾಟ, ಆಫೀಸಿನ ಪ್ರೇಮ, ಮಲಗುವ ಕೋಣೆ ಎಲ್ಲ ಅದರಲ್ಲಿತ್ತು. ಬರೆಯುವವರೂ ಓದುವವರೂ ಹೆಂಗಸರು.

ಇನ್ನೊಂದು ಅಂಗಡಿ ತೆರೆದದ್ದೂ ಬಹುಮಟ್ಟಿಗೆ ಹುಡುಗಿಯರಿಗೇ. 1975ರ ಡಿಸೆಂಬರ್‌ನಲ್ಲಿ ಟೋಕಿಯೋದ ಒಂದು ಸಭಾಂಗಣದಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೆಯಿತು. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ದೋಜಿನ್‌ಶಿಗಳನ್ನು ಮಾರಲು 32 ಗುಂಪು, ನೋಡಲು ಸುಮಾರು 700 ಜನ. ಅವರಲ್ಲಿ ಹೆಚ್ಚಿನವರು ಶಾಲಾ ಹುಡುಗಿಯರು. ಈಗ ಇದು ಲಕ್ಷಗಟ್ಟಲೆ ಜನ ಸೇರುವ ಮೇಳ. ಪ್ರಕಾಶಕ ಇಲ್ಲ, ವಿತರಕ ಇಲ್ಲ. ವಯಸ್ಕರ ಮಾಂಗಾದ ಅನೇಕ ಕಲಾವಿದರು ಇಂದು ಇಲ್ಲಿಂದಲೇ ಬರುತ್ತಾರೆ.

1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ ಬಂತು. 1983ರ ಕೊನೆಯಲ್ಲಿ ಟಿವಿಗೂ ಅಲ್ಲ, ಥಿಯೇಟರಿಗೂ ಅಲ್ಲ, ನೇರ ಕ್ಯಾಸೆಟ್ಟಿಗೇ ಅಂತ ಮೊದಲ ಅನಿಮೆ ತಯಾರಾಯಿತು. ಅದೊಂದು ಚಂದ್ರನ ಮೇಲಿನ ಸಾಹಸ ಕಥೆ. ಮುಂದಿನ ವರ್ಷವೇ ವಯಸ್ಕರ ಅನಿಮೆ ಈ ದಾರಿ ಹಿಡಿಯಿತು. ಟಿವಿಗೆ ಜಾಹೀರಾತುದಾರ ಬೇಕು, ಥಿಯೇಟರಿಗೆ ಜನ ತುಂಬಬೇಕು. ಕ್ಯಾಸೆಟ್ಟಿಗೆ ಕೆಲವು ಸಾವಿರ ಗಿರಾಕಿಗಳು ಸಾಕು, ಬೆಲೆ ಜಾಸ್ತಿ ಇಟ್ಟರಾಯಿತು. ತೊಶಿಯೊ ಮಾಯೆದಾ ಅವರ ರಾಕ್ಷಸರ ಮಾಂಗಾ 1987ರಲ್ಲಿ ಹೀಗೇ ಕ್ಯಾಸೆಟ್ಟಿಗೆ ಬಂತು. ಹಾಸಿಗೆಯ ದೃಶ್ಯವನ್ನು ನೇರವಾಗಿ ಬರೆದರೆ 175ನೇ ಕಲಂ ಇದೆ. ರಾಕ್ಷಸನ ಬಾಹು ಮನುಷ್ಯನ ಅಂಗವಲ್ಲವಲ್ಲ! ಕಾನೂನಿನಿಂದ ನುಣುಚಿಕೊಳ್ಳಲು ಹೀಗೆ ಬರೆದೆ ಅಂತ ಮಾಯೆದಾ ಸ್ವತಃ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಂದರೆ ಹೊರದೇಶದವರು ಜಪಾನಿನ ಮನಸ್ಸಿನ ವಿಕೃತಿ ಅಂತ ಅಂದುಕೊಂಡದ್ದರಲ್ಲಿ ದೊಡ್ಡ ಪಾಲು ಜಪಾನಿನ ಕಾನೂನಿನದು. 1990ರ ದಶಕದಲ್ಲಿ ಈ ಕ್ಯಾಸೆಟ್ಟುಗಳೇ ಬ್ರಿಟನ್, ಅಮೆರಿಕಕ್ಕೆ ಮೊದಮೊದಲು ಹೋದವು. ಅಲ್ಲಿನ ಜನ ಅನಿಮೆ ಅಂದರೆ ಇಷ್ಟೇ ಅಂದುಕೊಂಡರು.

1989ರಲ್ಲಿ ಎಲ್ಲ ತಿರುಗಿಬಿತ್ತು. ಟೋಕಿಯೋ ಸುತ್ತಮುತ್ತ ನಾಲ್ಕು ಪುಟ್ಟ ಹೆಣ್ಣುಮಕ್ಕಳನ್ನು ಕೊಂದವನು ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ಸಾವಿರಾರು ವಿಡಿಯೋ ಟೇಪುಗಳಿದ್ದವು. ಅದರಲ್ಲಿ ವಯಸ್ಕರ ಅನಿಮೆ ಸ್ವಲ್ಪವೇ. ಆದರೂ ಪತ್ರಿಕೆಗಳು ಅನಿಮೆ ಹುಚ್ಚಿನವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದವು. 1990ರಲ್ಲಿ ವಕಾಯಾಮಾ ಪ್ರಾಂತ್ಯದ ತನಾಬೆ ಊರಿನ ತಾಯಂದಿರು ಶುರು ಮಾಡಿದ 'ಹಾನಿಕಾರಕ ಕಾಮಿಕ್ಸ್' ವಿರುದ್ಧದ ಚಳವಳಿ ದೇಶಕ್ಕೆಲ್ಲ ಹಬ್ಬಿತು. ಪುಸ್ತಕದಂಗಡಿಯವರ ಬಂಧನ ಆಯಿತು. 1991ರಲ್ಲಿ ಕಾಮಿಕ್ ಮಾರ್ಕೆಟ್‌ಗೆ ಮಾಕುಹಾರಿ ಸಭಾಂಗಣದವರು ಜಾಗ ಕೊಡುವುದಿಲ್ಲ ಅಂದರು. ಆ ತಾಯಂದಿರನ್ನು ಮೂಢರು ಅಂತ ಹೀಯಾಳಿಸುವುದು ಅಭಿಮಾನಿಗಳಲ್ಲಿ ವಾಡಿಕೆ. ನಾನದನ್ನು ಒಪ್ಪುವುದಿಲ್ಲ. ಆಗ ಮಕ್ಕಳ ಪುಸ್ತಕದ ಪಕ್ಕದಲ್ಲೇ ಏನೇನೋ ಜೋಡಿಸಿಟ್ಟಿರುತ್ತಿದ್ದರು ಅನ್ನುವುದು ನಿಜ.

ಇದರ ಫಲವಾಗಿ 1991ರಲ್ಲಿ ಪ್ರಕಾಶಕರು 'ವಯಸ್ಕರ ಕಾಮಿಕ್' ಅನ್ನುವ ಮುದ್ರೆ ತಂದರು. ಈ ಮುದ್ರೆ ಇದ್ದ ಪುಸ್ತಕ ಬೇರೆ ಕಪಾಟಿನಲ್ಲಿ. ತಮಾಷೆ ಅಂದರೆ, ತಡೆಯಲು ತಂದ ಮುದ್ರೆಯೇ ಬೇಲಿಯೊಳಗಿನ ಮಾರುಕಟ್ಟೆ ಕಟ್ಟಿಕೊಟ್ಟಿತು. ಮುದ್ರೆ ಇದೆ ತಾನೇ, ಇನ್ನೇನು ಭಯ ಅಂತ ಒಳಗಿನ ಚಿತ್ರಗಳು ಇನ್ನೂ ಬಿಚ್ಚಿಕೊಂಡವು.

ಆ ಧೈರ್ಯ ಮುರಿದದ್ದು 2002ರಲ್ಲಿ. ಮುದ್ರೆ ಇದ್ದ ಒಂದು ಮಾಂಗಾ ಸಂಕಲನದ ಪ್ರಕಾಶಕನನ್ನು ಪೊಲೀಸರು ಹಿಡಿದರು. ಕಾಮಿಕ್ಸ್ ಒಂದರ ಮೇಲೆ 175ನೇ ಕಲಂ ಅಡಿ ಪೂರ್ಣ ವಿಚಾರಣೆ ನಡೆದದ್ದು ಅದೇ ಮೊದಲು. ಕೆಳಗಿನ ಕೋರ್ಟು ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ಕೊಟ್ಟಿತು. ಹೈಕೋರ್ಟು ಅದನ್ನು 15 ಲಕ್ಷ ಯೆನ್ ದಂಡಕ್ಕೆ ಇಳಿಸಿತು. 2007ರಲ್ಲಿ ಸುಪ್ರೀಂ ಕೋರ್ಟು ಅಶ್ಲೀಲ ಅನ್ನುವ ತೀರ್ಪನ್ನೇ ಉಳಿಸಿತು. ಈ ಕೇಸಿನ ಬಳಿಕ ಮಸುಕು ಚೌಕಗಳು ದೊಡ್ಡದಾದವು.

2010ರಲ್ಲಿ ಟೋಕಿಯೋ ನಗರಾಡಳಿತ ಕಿರಿಯರಿಗೆ ಮಾರಬಾರದ ಮಾಂಗಾ, ಅನಿಮೆಗಳ ನಿಯಮ ಬಿಗಿ ಮಾಡಿತು. ಹತ್ತು ದೊಡ್ಡ ಪ್ರಕಾಶಕರು ಮುಂದಿನ ವರ್ಷದ ಟೋಕಿಯೋ ಅನಿಮೆ ಮೇಳಕ್ಕೆ ಬಹಿಷ್ಕಾರ ಹಾಕಿದರು. ಆಗಿನ ಗವರ್ನರ್ ಶಿಂತಾರೊ ಇಶಿಹಾರಾ. ಇವರ 1955ರ ಕಾದಂಬರಿ ಯುವಕರನ್ನು ಕೆಡಿಸುತ್ತದೆ ಅಂತ ಆ ಕಾಲದ ಹಿರಿಯರು ಬೊಬ್ಬೆ ಹೊಡೆದಿದ್ದರು!

2014ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನೇ ಜಪಾನ್ ಅಪರಾಧ ಮಾಡಿತು. ಆದರೆ ಮಾಂಗಾ, ಅನಿಮೆಗಳನ್ನು ಹೊರಗಿಟ್ಟಿತು. ಕೈಯಲ್ಲಿ ಬರೆದ ಚಿತ್ರದಲ್ಲಿ ನಿಜವಾದ ಮಗುವಿಗೆ ನೋವಾಗುವುದಿಲ್ಲ ಅನ್ನುವುದು ಅವರ ವಾದ. ಬ್ರಿಟನ್, ಕೆನಡಾ ಇದನ್ನು ಒಪ್ಪುವುದಿಲ್ಲ. ಅಲ್ಲಿ ಬರೆದ ಚಿತ್ರವೂ ಅಪರಾಧ. ನಮ್ಮ ಐಟಿ ಕಾಯಿದೆಯ 67ಬಿ ಕಲಂ ಕೂಡ ಮಕ್ಕಳನ್ನು ಅಶ್ಲೀಲವಾಗಿ ತೋರಿಸುವ ಡಿಜಿಟಲ್ ಚಿತ್ರಗಳನ್ನು ತಯಾರಿಸುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದನ್ನು ಶಿಕ್ಷಾರ್ಹ ಅನ್ನುತ್ತದೆ. ಈ ವಿಷಯದಲ್ಲಿ ಜಪಾನಿನ ನಿಲುವು ನನಗೂ ಒಪ್ಪಿಗೆ ಇಲ್ಲ. ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದರೆ ಆ ಮಾತಿಗೇ ಬೆಲೆ ಹೋಗುತ್ತದೆ.

ಇತ್ತೀಚೆಗೆ ಅಂಗಡಿಗಳು ಮತ್ತೆ ಬದಲಾಗುತ್ತಿವೆ. 2019ರಲ್ಲಿ ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಸರಣಿಗಳು ವಯಸ್ಕರ ಪತ್ರಿಕೆಗಳನ್ನು ಕೆಳಗಿಳಿಸಿದವು. ರಗ್ಬಿ ವಿಶ್ವಕಪ್, ಒಲಿಂಪಿಕ್ಸ್‌ಗೆ ಹೊರಗಿನ ನೆಂಟರು ಬರುವವರಿದ್ದರು. 1872ರಲ್ಲಿದ್ದ ಅದೇ ಸಂಕೋಚ ಇದು. ಟೋಕಿಯೋ ನಗರಾಡಳಿತ ಈಗ ಹಾನಿಕಾರಕ ಅಂತ ಪಟ್ಟಿ ಮಾಡುವುದರಲ್ಲಿ ಹೆಂಗಸರು ಹೆಂಗಸರಿಗಾಗಿ ಬರೆದ ಬಿಎಲ್ ಪುಸ್ತಕಗಳೇ ಜಾಸ್ತಿ. ಕಾರಣ ಸರಳ. ಅವುಗಳಲ್ಲಿ ಅನೇಕಕ್ಕೆ ವಯಸ್ಕರ ಮುದ್ರೆ ಇಲ್ಲ, ಸಾಮಾನ್ಯ ಕಪಾಟಿನಲ್ಲೇ ಇರುತ್ತವೆ. ಪಟ್ಟಿಗೆ ಸೇರಿದ ಪುಸ್ತಕವನ್ನು ಅಮೆಜಾನ್ ಮಾರುವುದಿಲ್ಲ.

ಅಂತೂ ವ್ಯಾಪಾರ ಬಹುಮಟ್ಟಿಗೆ ವೆಬ್‌ಸೈಟುಗಳಿಗೆ ಹೋಗಿದೆ. ಅಲ್ಲಿ ಹೊಸ ಕಾವಲುಗಾರ ಕಾದಿದ್ದ. 2024ರ ಮಾರ್ಚ್‌ನಲ್ಲಿ ಡಿಎಲ್‌ಸೈಟ್ ಎಂಬ ದೊಡ್ಡ ಮಾರಾಟ ತಾಣ ಕಾರ್ಡ್ ಕಂಪನಿಗಳ ಒತ್ತಾಯಕ್ಕೆ ತನ್ನ ಕೆಲವು ವಿಭಾಗಗಳ ಹೆಸರನ್ನು ಮೃದು ಮಾಡಿತು. ಸಾಲಲಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ನಿಂತಿತು. ಅದೇ ವರ್ಷದ ನವೆಂಬರ್‌ನಲ್ಲಿ ಮಾಂಗಾ ಲೈಬ್ರರಿ ಝಡ್ ಎಂಬ ತಾಣವೂ ಹಣ ಪಾವತಿಯ ವ್ಯವಸ್ಥೆ ಕೈತಪ್ಪಿ ಬಾಗಿಲು ಹಾಕಿತು. ಅಚ್ಚು ನಿಂತ ಹಳೆಯ ಮಾಂಗಾಗಳನ್ನು ಉಳಿಸಲು ಹುಟ್ಟಿದ ತಾಣ ಅದು, ವಯಸ್ಕರದ್ದು ಅದರಲ್ಲಿ ಒಂದು ಪಾಲು ಮಾತ್ರ. ಅದನ್ನು ಕಟ್ಟಿದ ಕೆನ್ ಅಕಾಮಾತ್ಸು ಮಾಂಗಾಕಾರರು, 2022ರಿಂದ ಜಪಾನಿನ ಮೇಲ್ಮನೆಯ ಸದಸ್ಯರೂ ಹೌದು. 175ನೇ ಕಲಂ ಅಡಿ ಕೇಸು ಬಿದ್ದರೆ ಐದು ವರ್ಷ ಕೋರ್ಟಿನಲ್ಲಿ ಗುದ್ದಾಡಬಹುದು, 2002ರಲ್ಲಿ ಸಿಕ್ಕಿಬಿದ್ದ ಆ ಪ್ರಕಾಶಕ ಗುದ್ದಾಡಿದಂತೆ. ಕಾರ್ಡ್ ಕಂಪನಿಯ ತೀರ್ಮಾನಕ್ಕೆ ತೀರ್ಪಿನ ಪ್ರತಿ ಇಲ್ಲ, ಅಪೀಲೂ ಇಲ್ಲ.